ಗಂಟಲು ನೋಡಿ ಹಾಡು ಬರೆದ ಅಲೆನ್ ಟೂಸಾಂಟ್

ಹೊಸ ಹಾಡಿಗೆ ಟ್ರ್ಯಾಕ್ ಮಾಡಿಕೊಡಿ ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು, ‘ಹಾಡೋದು ಯಾರು?’ ಹಾಡುವವರ ಶ್ರುತಿ ಯಾವುದು, ಅವರು ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಎಂದು ತಿಳಿಯದೆ ಕೀಬೋರ್ಡ್ ಮುಟ್ಟಲು ನನಗೆ ಮನಸ್ಸಾಗುವುದಿಲ್ಲ. ಈ ಒಂದು ಪ್ರಶ್ನೆಯ ಮೇಲೆ ಇಡೀ ಜೀವನ ಕಟ್ಟಿಕೊಂಡವರು ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಅಲೆನ್ ಟೂಸಾಂಟ್. ಸ್ಟುಡಿಯೋದಲ್ಲಿ ದುಡಿಯುವ ನನ್ನಂಥವರಿಗೆ ಅವರು ಗುರುಸಮಾನರು.

ಹುಟ್ಟಿದ್ದು 1938ರಲ್ಲಿ, ಗರ್ಟ್ ಟೌನ್ ಎಂಬ ಬಡಾವಣೆಯಲ್ಲಿ. ಹತ್ತೊಂಬತ್ತು ತುಂಬಿದಾಗ ಅವರಿಗೊಂದು ವಿಚಿತ್ರ ಕೆಲಸ ಸಿಕ್ಕಿತು. ಆಗಿನ ದೊಡ್ಡ ತಾರೆ ಫ್ಯಾಟ್ಸ್ ಡಾಮಿನೊ ಊರೂರು ಸುತ್ತುತ್ತಿದ್ದರು, ರೆಕಾರ್ಡಿಂಗಿಗೆ ಕೂರಲು ಪುರುಸೊತ್ತಿರಲಿಲ್ಲ. ಟೂಸಾಂಟ್ ಥೇಟ್ ಅವರಂತೆಯೇ ಪಿಯಾನೊ ನುಡಿಸಿ ಇಟ್ಟರು. ಡಾಮಿನೊ ಆಮೇಲೆ ಬಂದು ಅದರ ಮೇಲೆ ಹಾಡಿದರು. ಇನ್ನೊಬ್ಬರ ಕೈ ತನ್ನ ಕೈಗೆ ಬರುವಷ್ಟು ಕಿವಿಗೊಟ್ಟು ಕೇಳುವ ಅಭ್ಯಾಸ ಅಷ್ಟು ಹೊತ್ತಿಗಾಗಲೇ ಇತ್ತು.

1960ರಲ್ಲಿ ಮಿನಿಟ್ ಎಂಬ ಸಣ್ಣ ರೆಕಾರ್ಡ್ ಕಂಪನಿ ಅವರನ್ನು ಪ್ರೊಡ್ಯೂಸರ್ ಮಾಡಿಕೊಂಡಿತು. ಈ ಪ್ರೊಡ್ಯೂಸರ್ ನಮ್ಮ ಸಿನಿಮಾದವರಂತೆ ದುಡ್ಡು ಹಾಕುವವರಲ್ಲ. ಯಾರಿಗೆ ಯಾವ ಹಾಡು, ಡ್ರಮ್ಸ್‌ಗೆ ಯಾರು, ಸ್ಯಾಕ್ಸೊಫೋನ್ ಎಲ್ಲಿ ನುಡಿಯಬೇಕು, ಎಲ್ಲಿ ಸುಮ್ಮನಿರಬೇಕು, ಯಾವ ಟೇಕ್ ಓಕೆ ಎಂದು ತೀರ್ಮಾನಿಸುವವರು. ಟೂಸಾಂಟ್ ಹಾಡನ್ನೂ ತಾವೇ ಬರೆಯುತ್ತಿದ್ದರು. ಗಾಯಕರೆಲ್ಲ ಅವರ ಅಪ್ಪ–ಅಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಸೇರುತ್ತಿದ್ದರು. ಒಬ್ಬರ ಹಾಡಿಗೆ ಇನ್ನೊಬ್ಬರದು ಕೋರಸ್. ಇವರು ಪಿಯಾನೊ ಮುಂದೆ ಕೂತು, ಎದುರಿಗಿದ್ದವರ ದನಿಗೆ ತಕ್ಕ ಹಾಡು ಕಟ್ಟುತ್ತಿದ್ದರು. ಆ ಕಾಲದ ಎಷ್ಟೋ ಹಾಡುಗಳ ಮೇಲೆ ಕವಿಯ ಹೆಸರು ನಯೋಮಿ ನೆವಿಲ್ ಎಂದಿದೆ. ಅದು ಅವರ ತಾಯಿಯ ತವರಿನ ಹೆಸರು.

‘ಮದರ್ ಇನ್ ಲಾ’ ಕೇಳಿ. ಎರ್ನಿ ಕೆ–ಡೋ ತನ್ನ ಅತ್ತೆಯ ಮೇಲೆ ಒಂದೊಂದೇ ದೂರು ಹೇಳುತ್ತಾ ಹೋಗುತ್ತಾರೆ. ಪ್ರತಿ ಸಲವೂ ಬೆನ್ನಿ ಸ್ಪೆಲ್‌ಮನ್ ಮಂದ್ರದಲ್ಲಿ ಹಾಡಿನ ಹೆಸರನ್ನಷ್ಟೇ ನುಡಿದು ಸುಮ್ಮನಾಗುತ್ತಾರೆ. ಆ ತಗ್ಗಿನ ದನಿ ತೆಗೆದುಬಿಟ್ಟರೆ ಹಾಡೇ ನಿಲ್ಲುವುದಿಲ್ಲ. 1961ರಲ್ಲಿ ಅದು ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೇರಿತು.

ನನಗೆ ಇನ್ನೂ ಇಷ್ಟವಾದದ್ದು ಲೀ ಡಾರ್ಸಿ ಜತೆ ಮಾಡಿದ ಕೆಲಸ. ಡಾರ್ಸಿ ಹಿಂದೆ ಬಾಕ್ಸರ್, ಆಮೇಲೆ ಕಾರಿನ ಬಾಡಿ ರಿಪೇರಿ ಮಾಡುತ್ತಿದ್ದವರು. ಅವರ ದನಿಯಲ್ಲಿ ಸುಸ್ತೂ ಇತ್ತು, ನಗುವೂ ಇತ್ತು. ನ್ಯೂ ಆರ್ಲಿಯನ್ಸ್ ಸುತ್ತಮುತ್ತ ಕಲ್ಲಿದ್ದಲ ಗಣಿಯೇ ಇಲ್ಲ. ಆದರೂ 1966ರ ‘ವರ್ಕಿಂಗ್ ಇನ್ ದ ಕೋಲ್ ಮೈನ್’ನಲ್ಲಿ ಕಬ್ಬಿಣ ತಾಗಿದ ಟಣ್ ಎಂಬ ಸದ್ದು, ಅದರ ಹಿಂದೆ ಆ ದಣಿದ ದನಿ ಕೇಳಿದರೆ ಈ ಮನುಷ್ಯ ಬೆಳಗ್ಗಿನಿಂದ ಅಗೆಯುತ್ತಿದ್ದಾನೆ ಎಂದು ನಂಬಲೇಬೇಕು.

1973ರಲ್ಲಿ ಮಾರ್ಷಲ್ ಸೀಹಾರ್ನ್ ಜತೆಗೂಡಿ ಸೀ–ಸೇಂಟ್ ಎಂಬ ಸ್ವಂತ ಸ್ಟುಡಿಯೋ ತೆರೆದರು. ಲಬೆಲ್ ತಂಡದ ‘ಲೇಡಿ ಮಾರ್ಮಲೇಡ್’ ಅಲ್ಲಿಯದೇ. ಪಾಲ್ ಮೆಕಾರ್ಟ್ನಿ ಕೂಡ ತಮ್ಮ ತಂಡ ಕಟ್ಟಿಕೊಂಡು ಅಲ್ಲಿಗೆ ಬಂದು ರೆಕಾರ್ಡ್ ಮಾಡಿದರು. ಟೂಸಾಂಟ್ ಸ್ವತಃ ಹಾಡಿದ ‘ಸದರ್ನ್ ನೈಟ್ಸ್’, ಬಾಲ್ಯದಲ್ಲಿ ಹಳ್ಳಿಯ ನೆಂಟರ ಮನೆಯಲ್ಲಿ ಕಳೆದ ರಾತ್ರಿಗಳ ಹಾಡು, 1975ರಲ್ಲಿ ಬಂತು. 1977ರಲ್ಲಿ ಗ್ಲೆನ್ ಕ್ಯಾಂಪ್‌ಬೆಲ್ ಅದನ್ನೇ ಚುರುಕಾಗಿ ಹಾಡಿ ಒಂದನೇ ಸ್ಥಾನಕ್ಕೆ ಒಯ್ದರು. ಕ್ಯಾಂಪ್‌ಬೆಲ್ ಸೊಗಸಾಗಿ ಹಾಡಿದ್ದಾರೆ, ನಿಜ. ಆದರೆ ಆ ರಾತ್ರಿಯ ಕತ್ತಲೆ ಇರುವುದು ನಿಧಾನವಾಗಿ ಸಾಗುವ ಮೂಲದಲ್ಲಿ.

2005ರ ಕತ್ರಿನಾ ಚಂಡಮಾರುತದ ನೀರು ಅವರ ಮನೆಗೂ ನುಗ್ಗಿತು, ಸ್ಟುಡಿಯೋಗೂ ನುಗ್ಗಿತು. ನ್ಯೂಯಾರ್ಕಿಗೆ ಹೋದವರು ಜೋಸ್ ಪಬ್ ಎಂಬ ಪುಟ್ಟ ಸಭಾಂಗಣದಲ್ಲಿ ಒಬ್ಬರೇ ಪಿಯಾನೊ ಮುಂದೆ ಕೂತು, ಬೇರೆಯವರಿಗೆಂದು ಬರೆದಿದ್ದ ಹಾಡುಗಳನ್ನು ತಾವೇ ಹಾಡತೊಡಗಿದರು. ಮುಕ್ಕಾಲು ಪಾಲು ಆಯುಷ್ಯ ಸ್ಟುಡಿಯೋ ಗಾಜಿನಾಚೆ ಕಳೆದವರಿಗೆ ಅರವತ್ತೇಳರ ಮೇಲೆ ಜನ ಎದುರಿಗೆ ಸಿಕ್ಕರು. 2015ರ ನವೆಂಬರಿನಲ್ಲಿ ಮ್ಯಾಡ್ರಿಡ್‌ನಲ್ಲಿ ಕಛೇರಿ ಮುಗಿಸಿದ ಮೇಲೆ ತೀರಿಕೊಂಡರು.

ಕೇಳಬೇಕೆನ್ನುವವರು ಲೀ ಡಾರ್ಸಿಯಿಂದ ಶುರು ಮಾಡಿ, ಆಮೇಲೆ ಇರ್ಮಾ ಥಾಮಸ್ ಹಾಡಿದ ‘ಇಟ್ಸ್ ರೇನಿಂಗ್’ ಹಾಕಿ. ಎರಡನ್ನೂ ಒಬ್ಬರೇ ಬರೆದದ್ದು ಎಂದು ಮನೆಯವರಿಗೆ ಮೊದಲೇ ಹೇಳಬೇಡಿ.