ಸರಳರೇಖೆಗೆ ಒಗ್ಗದ ಕರೆಂಟು

1825ರಲ್ಲಿ ಜಾರ್ಜ್ ಸೈಮನ್ ಓಮ್ ಪ್ರಕಟಿಸಿದ ಮೊದಲ ಸೂತ್ರ ತಪ್ಪಾಗಿತ್ತು. ಜರ್ಮನಿಯ ಕಲೋನ್‌ನಲ್ಲಿ ಶಾಲಾ ಮಾಸ್ತರನಾಗಿದ್ದ ಓಮ್, ಬೀಗ ಮಾಡುವವನ ಮಗ. ಪ್ರಯೋಗದ ಸಲಕರಣೆಗಳನ್ನು ತಾನೇ ಮಾಡಿಕೊಳ್ಳುವಷ್ಟು ಕೈಕಸುಬು ಬಲ್ಲವ. ಕೈಕೊಟ್ಟದ್ದು ಬ್ಯಾಟರಿ. ತಂತಿ ಜೋಡಿಸಿದೊಡನೆ ಅದರ ಬಲ ಕುಗ್ಗುತ್ತಿತ್ತು. ವೋಲ್ಟೇಜೇ ನಿಂತಲ್ಲಿ ನಿಲ್ಲದಿದ್ದರೆ ಕರೆಂಟನ್ನು ಅಳೆದೇನು ಫಲ?

ಬ್ಯಾಟರಿ ಬಿಟ್ಟು ಥರ್ಮೋಕಪಲ್ (ಎರಡು ಲೋಹಗಳ ಸಂಧಿಗಳ ಉಷ್ಣತೆಯ ಅಂತರದಿಂದ ವೋಲ್ಟೇಜ್ ಹುಟ್ಟಿಸುವ ಜೋಡಿ) ಬಳಸಿ ನೋಡೆಂದು ಸೂಚಿಸಿದವನು ವಿಜ್ಞಾನ ಪತ್ರಿಕೆಯ ಸಂಪಾದಕ ಪೊಗೆನ್‌ಡಾರ್ಫ್. ಓಮ್ ಬಿಸ್ಮತ್ತನ್ನೂ ತಾಮ್ರವನ್ನೂ ಕೂಡಿಸಿ, ಒಂದು ಸಂಧಿಯನ್ನು ಕುದಿಯುವ ನೀರಿನ ಬಿಸಿಯಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟ. ಎರಡರ ಉಷ್ಣತೆಯೂ ಕದಲದು. ಹಾಗಾಗಿ ವೋಲ್ಟೇಜೂ ಕದಲದು. 2ರಿಂದ 130 ಅಂಗುಲ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ, ತೂಗುಹಾಕಿದ ಕಾಂತದ ಸೂಜಿ ಕರೆಂಟಿಗೆ ಎಷ್ಟು ತಿರುಗುತ್ತದೆಂದು ಅಳೆದ. 1826ರಲ್ಲಿ ಸರಿಯಾದ ಸೂತ್ರ ಸಿಕ್ಕಿತು, ಮರುವರ್ಷ ಪುಸ್ತಕ ಬಂತು. ಕರೆಂಟಿಗೆ ತಂತಿ ಒಡ್ಡುವ ರೋಧ ಅಷ್ಟೇ ಇದ್ದರೆ ವೋಲ್ಟೇಜ್ ಎರಡು ಪಟ್ಟಾದಾಗ ಕರೆಂಟೂ ಎರಡು ಪಟ್ಟು. ತಾಯ್ನಾಡು ಇದನ್ನು ತಣ್ಣಗೆ ಕಂಡಿತು. ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕಾಪ್ಲಿ ಪದಕ ಕೊಟ್ಟಿತು.

'ರೋಧ ಅಷ್ಟೇ ಇದ್ದರೆ' ಎಂಬ ಷರತ್ತಿನಲ್ಲೇ ಇರುವುದು ಎಲ್ಲ ಸ್ವಾರಸ್ಯ. ಹಳೆಯ 100 ವಾಟ್ ಬಲ್ಬನ್ನೇ ನೋಡಿ. 230 ವೋಲ್ಟ್‌ನಲ್ಲಿ ಉರಿಯುವಾಗ ಅದರ ರೋಧ ಸುಮಾರು 530 ಓಮ್. ತಣ್ಣಗಿರುವಾಗ ಅದರ ಹತ್ತನೇ ಒಂದು ಪಾಲೂ ಇರದು. ಸ್ವಿಚ್ ಒತ್ತಿದ ಕ್ಷಣ ಕರೆಂಟು ನುಗ್ಗುತ್ತದೆ, ಬಲ್ಬಿನೊಳಗಿನ ಎಳೆ ಕಾದಂತೆ ಇಳಿಯುತ್ತದೆ. ಸವೆದ ಬಲ್ಬುಗಳು ಹೆಚ್ಚಾಗಿ ಹಚ್ಚಿದ ಗಳಿಗೆಯಲ್ಲೇ ಸುಟ್ಟುಹೋಗುತ್ತಿದ್ದದ್ದು ಇದರಿಂದಲೇ. ಆದರೂ ಬಲ್ಬು ನಿಯಮ ಮುರಿಯಿತೆನ್ನಲಾಗದು, ಬದಲಾದದ್ದು ಉಷ್ಣತೆ.

ನಿಜಕ್ಕೂ ಮುರಿದದ್ದು ಹರಳುಗಳು. 1874ರಲ್ಲಿ ಫರ್ಡಿನಾಂಡ್ ಬ್ರೌನ್ ಸೀಸದ ಸಲ್ಫೈಡಿನಂಥ ಖನಿಜಗಳಿಗೆ ಲೋಹದ ತಂತಿ ತಾಗಿಸಿ ಕರೆಂಟು ಹರಿಸಿದ. ಒಂದು ದಿಕ್ಕಿಗೆ ಸಲೀಸು; ತಂತಿಗಳನ್ನು ಅದಲುಬದಲು ಮಾಡಿದರೆ ಕರೆಂಟು ಸೊರಗುತ್ತಿತ್ತು. ಇದು ಅನೇಕರಿಗೆ ಬರೀ ಕೌತುಕವಾಗಿಯೇ ಉಳಿಯಿತು. (ಬ್ರೌನ್‌ಗೆ 1909ರ ನೊಬೆಲ್ ಬಂದದ್ದು ನಿಸ್ತಂತು ಸಂಪರ್ಕಕ್ಕೆ, ಇದಕ್ಕಲ್ಲ.) ಅದೇ ಬಗೆಯ ಹರಳಿನಿಂದ ವಿದ್ಯುತ್ಕಾಂತೀಯ ಅಲೆಗಳನ್ನು ಹಿಡಿದವರು ಕೋಲ್ಕತ್ತದ ಜಗದೀಶಚಂದ್ರ ಬೋಸ್, ಅಮೆರಿಕದ ಪೇಟೆಂಟ್ ಅವರಿಗೆ 1904ರಲ್ಲಿ ಸಿಕ್ಕಿತು.

ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಇಂದಿನ ಡಯೋಡು ಆ ಹರಳಿನ ವಂಶದ್ದೇ. ಸಿಲಿಕಾನ್ ಡಯೋಡಿನಲ್ಲಿ ಸುಮಾರು 0.6 ವೋಲ್ಟ್‌ವರೆಗೆ ಹೇಳಿಕೊಳ್ಳುವಂಥ ಕರೆಂಟೇ ಇರುವುದಿಲ್ಲ. ಆಮೇಲೆ ಗ್ರಾಫಿನ ಗೆರೆ ಗೋಡೆಯಂತೆ ಏರುತ್ತದೆ: ಆದರ್ಶ ಡಯೋಡಿನಲ್ಲಿ ಬರೀ 60 ಮಿಲಿವೋಲ್ಟ್ ಹೆಚ್ಚಿದರೆ ಕರೆಂಟು ಹತ್ತು ಪಟ್ಟು. ಓಮ್‌ನ ನೇರ ಗೆರೆ ಪಠ್ಯಪುಸ್ತಕವನ್ನು ಆಳಿತು. ಎಲೆಕ್ಟ್ರಾನಿಕ್ಸನ್ನು ಕಟ್ಟಿದ್ದು ಮಾತ್ರ ಈ ಡೊಂಕು ಗೆರೆ. ಎಲ್‌ಇಡಿಯೂ ಡಯೋಡೇ ಆದ್ದರಿಂದ, ವೋಲ್ಟೇಜ್ ತುಸು ಏರಿದರೂ ಕರೆಂಟು ಕೈಮೀರುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡಲೆಂದೇ ನಿಮ್ಮ ಮನೆಯ ಎಲ್‌ಇಡಿ ಬಲ್ಬಿನೊಳಗೆ ಪುಟ್ಟದೊಂದು ಡ್ರೈವರ್ ಸರ್ಕ್ಯೂಟ್ ಕೂತಿರುತ್ತದೆ.