ಕಾಣದವರ ಕೈಗೆ ಆಸ್ಪತ್ರೆಯ ಜಾಲತಾಣ

ಜಾಲತಾಣವೆಂಬುದು ಕಣ್ಣಿದ್ದವರ ವಸ್ತುವೆಂದೇ ನಾನು ತಿಳಿದಿದ್ದೆನು. ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮೂರು ವಳಕಮದಿನ್ನಿಗೆ ಹೋದಾಗ ಆ ತಿಳಿವಳಿಕೆ ಕಳಚಿಬಿದ್ದಿತು. ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡ ನಮ್ಮ ದೊಡ್ಡಪ್ಪನವರು ಮೊಬೈಲನ್ನು ನನಗಿಂತ ಚುರುಕಾಗಿ ಬಳಸುತ್ತಾರೆ. ಪರದೆಯ ಮೇಲೆ ಬೆರಳು ಸರಿದಂತೆ ಅಲ್ಲಿರುವುದನ್ನು ಒಂದು ತಂತ್ರಾಂಶವು ಗಟ್ಟಿಯಾಗಿ ಓದಿ ಹೇಳುತ್ತದೆ; ಎರಡು ಬಾರಿ ತಟ್ಟಿದರೆ ಗುಂಡಿ ಒತ್ತಿದಂತಾಗುತ್ತದೆ. ಆ ಧ್ವನಿಯ ವೇಗ ನನ್ನ ಕಿವಿಗೆ ನಿಲುಕದು. ಅವರಿಗೋ ಅದೇ ನಿಧಾನ!

ಅಂದು ಅವರು ದೂರದ ಒಂದು ಆಸ್ಪತ್ರೆಗೆ ಮುಂಗಡ ಚೀಟಿ ಪಡೆಯಲು ಕುಳಿತಿದ್ದರು. ಹೆಸರಿನ ಖಾನೆ, ವಯಸ್ಸಿನ ಖಾನೆ ಯಾವುದೆಂದು ಹೇಳದೆ ಮೊಬೈಲು “ಗುಂಡಿ, ಗುಂಡಿ” ಎಂದಷ್ಟೇ ಉಸುರಿತು. ಕೊನೆಗೆ ಸೊಟ್ಟಪಟ್ಟ ಅಕ್ಷರಗಳ ಒಂದು ಚಿತ್ರ. ಅದಕ್ಕೆ ಕ್ಯಾಪ್ಚಾ ಎಂದು ಹೆಸರು. ಬಳಸುವವನು ಯಂತ್ರವಲ್ಲ, ಮನುಷ್ಯನೆಂದು ಖಚಿತಪಡಿಸಿಕೊಳ್ಳುವ ಉಪಾಯವದು.

“ತಮ್ಮಾ, ನಾ ಮನಷ್ಯಾ ಹೌದೋ ಅಲ್ಲೋ ಅಂತ ಕೇಳಾಕತ್ತೈತಿ. ನೀನ ಹೇಳು,” ಎಂದು ದೊಡ್ಡಪ್ಪನವರು ನಕ್ಕರು. ನಾನು ತುಂಬಿಕೊಟ್ಟೆ. ಆದರೆ ‘ರೋಗದ ವಿವರ’ ಎಂಬ ಖಾನೆಗೆ ಬಂದಾಗ ಅವರು ತುಸು ಹೊತ್ತು ಸುಮ್ಮನಾದರು. ಮಗನ ಸಮಾನನಾದ ಹುಡುಗನೆದುರು ಎಲ್ಲವನ್ನೂ ಹೇಳುವುದು ಹೇಗೆ?

ತೊಡಕು ಇರುವುದು ಕಣ್ಣಿನಲ್ಲಲ್ಲ, ಪುಟವನ್ನು ಕಟ್ಟಿದ ರೀತಿಯಲ್ಲಿ. ಪ್ರತಿ ಖಾನೆಗೂ ಒಳಗಿನ ಸಂಕೇತದಲ್ಲಿ ಹೆಸರು ಕೊಟ್ಟಿದ್ದರೆ ಓದುವ ತಂತ್ರಾಂಶ ಅದನ್ನು ಹೇಳುತ್ತದೆ. ಚಿತ್ರಕ್ಕೆ ಒಂದು ವಾಕ್ಯದ ವಿವರಣೆ ಸೇರಿಸಿದ್ದರೆ ಅದನ್ನೂ ಓದುತ್ತದೆ. ಆದೇಶದ ಕಾಗದವನ್ನು ಹಾಗೆಯೇ ಸ್ಕ್ಯಾನ್ ಮಾಡಿ ಏರಿಸಿದರೆ ಅದು ಬರಿಯ ಚಿತ್ರ, ಅದರಲ್ಲಿ ಓದಲು ಅಕ್ಷರವೇ ಇಲ್ಲ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಕನ್ನಡವಂತೂ ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕೇಳುತ್ತದೆ. ಇದು ಕನ್ನಡಿಗರೂ ಪಡುವ ಕಷ್ಟ. ದೃಷ್ಟಿ ಮಂದವಾದವರಿಗಾಗಿ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ಅಂತರವಿರಬೇಕೆಂಬುದು ಅಂತರರಾಷ್ಟ್ರೀಯ ಸೂತ್ರ.

ಇದು ಒಬ್ಬ ದೊಡ್ಡಪ್ಪನ ಗೋಳಲ್ಲ. 2021ರ ಮೇ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೋವಿಡ್ ಲಸಿಕೆಯ ಕೋವಿನ್ ತಾಣವು ದೃಷ್ಟಿಹೀನರಿಗೆ ಒದಗುತ್ತಿಲ್ಲವೆಂದು ತನ್ನ ಆದೇಶದಲ್ಲಿಯೇ ಬರೆಯಿತು. ಅಲ್ಲಿಯೂ ಕ್ಯಾಪ್ಚಾವನ್ನು ಕಿವಿಯಿಂದ ಕೇಳುವ ದಾರಿ ಇರಲಿಲ್ಲ. ಲಸಿಕೆಯ ಬಾಗಿಲೇ ಆ ತಾಣವಾಗಿದ್ದ ದಿನಗಳವು.

ಕಾನೂನಿಗೇನೂ ಕೊರತೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅದರ 25ನೆಯ ಕಲಮು ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡರಲ್ಲಿಯೂ ಅಡೆತಡೆಯಿಲ್ಲದ ಪ್ರವೇಶವನ್ನೂ, 42ನೆಯ ಕಲಮು ವಿದ್ಯುನ್ಮಾನ ಮಾಹಿತಿ ಎಲ್ಲರಿಗೂ ಒದಗುವ ರೂಪದಲ್ಲಿರುವುದನ್ನೂ ವಿಧಿಸುತ್ತವೆ. ಸರ್ಕಾರಿ ತಾಣಗಳಿಗಾಗಿ 2009ರಿಂದಲೇ ಮಾರ್ಗಸೂಚಿಯುಂಟು. ಅದರ ಮೂರನೆಯ ಆವೃತ್ತಿ 2023ರಲ್ಲಿ ಬಂದಿತು. ಆದರೆ 2017ರ ನಿಯಮಗಳಲ್ಲಿ ಇಂಥ ಮಾನದಂಡಗಳು ಬರಿಯ ಶಿಫಾರಸಿನಂತಿದ್ದವು. 2024ರ ನವೆಂಬರ್ 8ರಂದು ರಾಜೀವ್ ರತೂರಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನಿಯಮ ಅಧಿನಿಯಮಕ್ಕೆ ವಿರುದ್ಧವೆಂದು ಹೇಳಿ, ಮೂರು ತಿಂಗಳಲ್ಲಿ ಕಡ್ಡಾಯ ನಿಯಮಗಳನ್ನು ರಚಿಸಬೇಕೆಂದು ಕೇಂದ್ರಕ್ಕೆ ಸೂಚಿಸಿತು. 2025ರ ಏಪ್ರಿಲ್ 30ರಂದು, ಪ್ರಜ್ಞಾ ಪ್ರಸೂನ್ ಮೊಕದ್ದಮೆಯಲ್ಲಿ, ಇಂಥ ತಾಣಗಳನ್ನು ಬಳಸಬಲ್ಲ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಗಿದೆಯೆಂದಿತು. ಅಮೆರಿಕದ ಆರೋಗ್ಯ ಇಲಾಖೆಯೂ 2024ರ ಮೇ ತಿಂಗಳಲ್ಲಿ, ತನ್ನ ಹಣ ಪಡೆಯುವ ಆಸ್ಪತ್ರೆಗಳ ತಾಣಗಳಿಗೆ ನಿರ್ದಿಷ್ಟ ಮಾನದಂಡವನ್ನೇ ವಿಧಿಸಿತು.

ನಮ್ಮ ಸೀಮೆಗೆ ಈ ವಿಚಾರ ತೀರ ಹೊಸದಲ್ಲವೆಂದು ನನ್ನ ಅನಿಸಿಕೆ. ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದ ಅಶೋಕನೇ ಕಳಿಂಗದ ಶಾಸನಗಳಲ್ಲಿ, ಇದನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಜನರಿಗೆ ಕೇಳಿಸಬೇಕೆಂದು ಕೊರೆಯಿಸಿದ್ದಾನೆ. ಕಲ್ಲಿನಲ್ಲಿ ಬರೆದರೆ ಸಾಲದು, ಕಿವಿಗೂ ಮುಟ್ಟಬೇಕೆಂಬುದು ಆ ಅರಸನಿಗೆ ಗೊತ್ತಿತ್ತು!

ಸಂಶಯವಿದ್ದ ಮಿತ್ರರು ತಮ್ಮ ಮೊಬೈಲಿನಲ್ಲಿ ಟಾಕ್‌ಬ್ಯಾಕ್ ತೆರೆದು, ಕಣ್ಣು ಮುಚ್ಚಿ, ಯಾವುದಾದರೂ ಆಸ್ಪತ್ರೆಯ ಪುಟದಲ್ಲಿ ಚೀಟಿ ಪಡೆಯಲು ಯತ್ನಿಸಿ ನೋಡಬಹುದು. ನಾನು ಯತ್ನಿಸಿ ಅರ್ಧ ಗಂಟೆಯಲ್ಲಿ ಸೋತೆನು.

ದೊಡ್ಡಪ್ಪನವರ ಮುಂದಿನ ತಪಾಸಣೆ ದೀಪಾವಳಿ ಕಳೆದ ಮೇಲೆ. ಈ ಸಲ ರೋಗದ ವಿವರವನ್ನು ತಾವೇ ತುಂಬುವರಂತೆ. ಆ ಸೊಟ್ಟ ಅಕ್ಷರಗಳ ಹತ್ತಿರ ಬಂದಾಗ ಮಾತ್ರ ನನಗೆ ಫೋನು ಮಾಡುವರಂತೆ.