ರೋಗಿಯ ಜೊತೆ ನಿಲ್ಲುವವರ ಕೆಲಸ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳಲ್ಲಿ ಕಾಯಿ ಕೀಳುವವರು ತೆಂಗಿನ ಮರದಿಂದ ಬಿದ್ದಾಗ ಅವರನ್ನು ಆಸ್ಪತ್ರೆಗೆ ಸೇರಿಸುವವರು ಅನೇಕ ವೇಳೆ ಜೊತೆಗಿದ್ದ ಗೆಳೆಯರೇ ಆಗಿರುವುದರಿಂದ, ಮನೆಯವರು ಬಂದು ಸೇರುವ ಮೊದಲೇ ವೈದ್ಯರ ಪ್ರಶ್ನೆಗಳಿಗೆ ಉತ್ತರಿಸುವ ಹೊಣೆ ಅವರ ಮೇಲೆ ಬೀಳುತ್ತದೆ. ರೋಗಿ ಹೇಳಲಾರದ್ದನ್ನು ವೈದ್ಯರಿಗೂ, ವೈದ್ಯರು ಹೇಳಿದ್ದನ್ನು ರೋಗಿಗೂ ಸರಿಯಾಗಿ ಮುಟ್ಟಿಸುವುದೇ ಈ ಹೊಣೆಯ ತಿರುಳು.

ಎತ್ತರದಿಂದ ಬಿದ್ದವರಲ್ಲಿ ಬೆನ್ನುಹುರಿಗೆ, ಅಂದರೆ ಮೆದುಳಿನಿಂದ ಬೆನ್ನುಮೂಳೆಯೊಳಗೆ ಇಳಿದುಬರುವ ನರಗಳ ಕಟ್ಟಿಗೆ, ಪೆಟ್ಟಾಗಿರುವ ಸಂಭವವಿರುತ್ತದೆ. ಎಷ್ಟು ಎತ್ತರದಿಂದ ಬಿದ್ದರು, ಎಚ್ಚರ ತಪ್ಪಿತ್ತೇ, ಬಿದ್ದೊಡನೆ ಕಾಲು ಆಡಿಸುತ್ತಿದ್ದರೇ, ಸಕ್ಕರೆ ಕಾಯಿಲೆಗೋ ರಕ್ತ ಹೆಪ್ಪುಗಟ್ಟದಿರಲೆಂದೋ ಮಾತ್ರೆ ನುಂಗುತ್ತಿದ್ದರೇ ಎಂಬ ವಿವರಗಳು ಚಿಕಿತ್ಸೆಯ ದಾರಿಯನ್ನೇ ಬದಲಿಸಬಲ್ಲವು. ತೋಟದಲ್ಲಿ ಆಡುತ್ತಿದ್ದ ಕಾಲು ಆಸ್ಪತ್ರೆ ತಲುಪುವಷ್ಟರಲ್ಲಿ ಆಡದಂತಾಗಿದ್ದರೆ, ಕಣ್ಣಾರೆ ಕಂಡವರು ಹೇಳದ ಹೊರತು ಅದು ವೈದ್ಯರಿಗೆ ತಿಳಿಯುವುದಿಲ್ಲ. ಬಿದ್ದವರು ಕುಡಿದಿದ್ದರೆ, ಮಾನಕ್ಕಂಜಿ ಅದನ್ನು ಮುಚ್ಚಿಡುವುದೂ ಅಪಾಯಕಾರಿ.

ತಾಲ್ಲೂಕು ಆಸ್ಪತ್ರೆಯಿಂದ ತುಮಕೂರಿನ ಜಿಲ್ಲಾಸ್ಪತ್ರೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕಳುಹಿಸಿದಾಗ, ಏಕೆ ಕಳುಹಿಸುತ್ತಿದ್ದಾರೆ, ಈವರೆಗೆ ಯಾವ ಔಷಧ ಕೊಟ್ಟಿದ್ದಾರೆ ಎಂಬುದನ್ನು ಕೇಳಿ, ರೆಫರಲ್ ಚೀಟಿಯನ್ನೂ ಎಕ್ಸ್‌ರೇಯನ್ನೂ ಜೊತೆಗೊಯ್ಯಬೇಕು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ರಕ್ಷಣೆ ಇರುವುದರಿಂದ, ಪಡಿತರ ಚೀಟಿಯನ್ನೂ ಆಧಾರ್ ಕಾರ್ಡನ್ನೂ ಮನೆಯಿಂದ ತರಿಸಿಕೊಳ್ಳುವುದು ಮೊದಲ ದಿನದ ಕೆಲಸವಾಗಬೇಕು.

ಆದರೆ ಗೆಳೆತನಕ್ಕೆ ಕಾನೂನು ಒಂದು ಗೆರೆ ಎಳೆದಿದೆ. ಎಚ್ಚರವಿದ್ದು ಯೋಚಿಸಿ ನಿರ್ಧರಿಸಬಲ್ಲ ವಯಸ್ಕ ರೋಗಿಯ ಒಪ್ಪಿಗೆಯನ್ನು ಅವರಿಂದಲೇ ಪಡೆಯಬೇಕು, ಹೆತ್ತ ತಾಯಿಯ ಒಪ್ಪಿಗೆಯೂ ಅದಕ್ಕೆ ಬದಲಾಗದು ಎಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಜೀವ ಉಳಿಸಲು ತಡಮಾಡಲಾಗದ ತುರ್ತು ಸಂದರ್ಭ ಮಾತ್ರ ಇದಕ್ಕೆ ಹೊರತು. ಇನ್ನೊಂದೆಡೆ, ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ರೋಗಿಯಾಗಲಿ ಅವರು ಅಧಿಕಾರ ಕೊಟ್ಟ ಜೊತೆಗಾರರಾಗಲಿ ಕೇಳಿದರೆ ಚಿಕಿತ್ಸೆಯ ದಾಖಲೆಗಳನ್ನು 72 ಗಂಟೆಗಳೊಳಗೆ ಕೊಡಬೇಕು. ಆದ್ದರಿಂದ ರೋಗಿಯಿಂದ ಎರಡು ಸಾಲಿನ ಅಧಿಕಾರಪತ್ರ ಬರೆಸಿಕೊಳ್ಳುವುದು ಒಳ್ಳೆಯದು.

ರೌಂಡ್ಸ್‌ಗೆ, ಅಂದರೆ ವಾರ್ಡಿನ ರೋಗಿಗಳನ್ನು ಒಬ್ಬೊಬ್ಬರಾಗಿ ನೋಡಲು, ವೈದ್ಯರು ಬಂದಾಗ ಒಬ್ಬರೇ ಮಾತನಾಡುವುದು ಲೇಸು. ಕಾಯಿಲೆ ಏನು, ಮುಂದಿನ ಚಿಕಿತ್ಸೆ ಯಾವುದು, ಬೇರೆ ದಾರಿ ಇದೆಯೇ, ಯಾವ ಲಕ್ಷಣ ಕಂಡರೆ ಕೂಡಲೇ ಸಿಸ್ಟರ್‌ಗೆ ತಿಳಿಸಬೇಕು ಎಂದು ಕೇಳಿ, ಉತ್ತರಗಳನ್ನು ತಾರೀಖು ಸಮೇತ ಒಂದು ಪುಸ್ತಕದಲ್ಲಿ ಬರೆದಿಟ್ಟು, ಪಾಳಿ ಬದಲಾಯಿಸುವ ಜೊತೆಗಾರರಿಗೂ ಮನೆಯವರಿಗೂ ಅದೇ ಪುಸ್ತಕವನ್ನು ಒಪ್ಪಿಸಿದರೆ, ವೈದ್ಯರು ಒಂದೇ ಮಾತನ್ನು ಹತ್ತು ಜನಕ್ಕೆ ಹೇಳಬೇಕಾಗುವುದಿಲ್ಲ, ಹೇಳಿದ ಮಾತು ಹತ್ತು ಬಗೆಯಾಗುವುದೂ ಇಲ್ಲ.